ಬೆಳಕನ್ನು ಅಳೆದ ಆಲ್ಬರ್ಟ್ ಮೈಕೆಲ್ಸನ್

ಅಳತೆ ಸೂಕ್ಷ್ಮವಾದಷ್ಟೂ ಅಳೆಯುವವನ ಸತ್ಯನಿಷ್ಠೆಯ ಪರೀಕ್ಷೆ ಕಠಿಣವಾಗುತ್ತದೆ. ಭೌತವಿಜ್ಞಾನಿ ಆಲ್ಬರ್ಟ್ ಅಬ್ರಹಾಂ ಮೈಕೆಲ್ಸನ್ನರ ಬದುಕು ಇದಕ್ಕೆ ನಿದರ್ಶನ.

ಅವರು 1852ರ ಡಿಸೆಂಬರ್ 19ರಂದು, ಇಂದು ಪೋಲೆಂಡಿಗೆ ಸೇರಿರುವ ಸ್ಟ್ರೆಲ್ನೊದಲ್ಲಿ ಜನಿಸಿದರು. ಶೈಶವದಲ್ಲಿಯೇ ತಂದೆತಾಯಿಯರೊಡನೆ ಅಮೆರಿಕಕ್ಕೆ ಬಂದು, ಕ್ಯಾಲಿಫೋರ್ನಿಯ ಮತ್ತು ನೆವಾಡಗಳ ಗಣಿ ಊರುಗಳಲ್ಲಿ ಬೆಳೆದರು. ನೌಕಾ ಅಕಾಡೆಮಿಯ ಪ್ರವೇಶ ಕೈತಪ್ಪಿದಾಗ ಹದಿನಾರರ ಆ ಬಾಲಕ ವಾಷಿಂಗ್ಟನ್ನಿಗೆ ತೆರಳಿ, ಅಧ್ಯಕ್ಷ ಗ್ರಾಂಟರನ್ನೇ ಕಂಡು ಸ್ಥಾನ ಪಡೆದುದು ಅವರ ಛಲಕ್ಕೆ ಸಾಕ್ಷಿ. 1873ರಲ್ಲಿ ಪದವಿ ಗಳಿಸಿ, ಮುಂದೆ ಅಲ್ಲಿಯೇ ಅಧ್ಯಾಪಕರಾದರು. ತಿರುಗುವ ಕನ್ನಡಿಯ ನೆರವಿನಿಂದ 1879ರಲ್ಲಿ ಬೆಳಕಿನ ವೇಗವನ್ನು ಸೆಕೆಂಡಿಗೆ 2,99,910 ಕಿಲೋಮೀಟರ್ ಎಂದು ಅಳೆದರು. ಇಂದಿನ ಸ್ವೀಕೃತ ಮೌಲ್ಯ 2,99,792 ಕಿಲೋಮೀಟರ್.

ಧ್ವನಿಗೆ ಗಾಳಿ ಇರುವಂತೆ ಬೆಳಕಿಗೂ ಈಥರ್ ಎಂಬ ಮಾಧ್ಯಮವಿದೆಯೆಂದು ಆ ಕಾಲದ ವಿದ್ವಾಂಸರು ನಂಬಿದ್ದರು. ಅದರ ಮೂಲಕ ಸಾಗುವ ಭೂಮಿಯ ಚಲನೆಯನ್ನು ಪತ್ತೆಹಚ್ಚಲು ಮೈಕೆಲ್ಸನ್ ವ್ಯತಿಕರಣಮಾಪಕವನ್ನು ರೂಪಿಸಿದರು. ಒಂದು ಕಿರಣವನ್ನು ಎರಡಾಗಿ ಸೀಳಿ, ಪರಸ್ಪರ ಲಂಬವಾದ ದಾರಿಗಳಲ್ಲಿ ಕಳುಹಿಸಿ, ಮರಳಿ ಕೂಡಿಸುವ ಉಪಕರಣವದು. ಆಗ ಬೆಳಕು ಕತ್ತಲೆಗಳ ಪಟ್ಟಿಗಳು ಮೂಡುತ್ತವೆ. ಒಂದು ದಾರಿಯಲ್ಲಿ ಬೆಳಕು ಕಿಂಚಿತ್ ತಡವಾದರೂ ಆ ಪಟ್ಟಿಗಳು ಸರಿಯುತ್ತವೆ. 1881ರಲ್ಲಿ ಬರ್ಲಿನ್ ನಗರದ ಅದಿರಾಟವನ್ನು ತಾಳಲಾರದೆ ಉಪಕರಣವನ್ನು ಪಾಟ್ಸ್‌ಡ್ಯಾಮಿಗೆ ಒಯ್ದು ನೋಡಿದರು. ಪಟ್ಟಿಗಳು ಸರಿಯಲಿಲ್ಲ.

1885ರಲ್ಲಿ ಮನಸ್ಸು ಕುಸಿದು ಕೆಲಸ ನಿಂತಿತು. ಚೇತರಿಸಿಕೊಂಡು 1887ರಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ಎಡ್ವರ್ಡ್ ಮಾರ್ಲಿಯವರೊಡನೆ, ಪಾದರಸದ ಮೇಲೆ ತೇಲುವ ಕಲ್ಲುಚಪ್ಪಡಿಯ ಮೇಲೆ ಪ್ರಯೋಗವನ್ನು ಮತ್ತೆ ಹೂಡಿದರು. ಪಟ್ಟಿಯ ಅಗಲದ 0.4 ಭಾಗದಷ್ಟು ಪಲ್ಲಟವನ್ನು ನಿರೀಕ್ಷಿಸಿದ್ದರು. ದೊರೆತದ್ದು ಬಹುತೇಕ ಶೂನ್ಯ. ಅದು ಅವರಿಗೆ ಸೋಲಾಗಿ ಕಂಡಿತು. ಆದರೂ ಕಂಡದ್ದನ್ನು ಕಂಡಂತೆಯೇ ಪ್ರಕಟಿಸಿದರು. 1905ರಲ್ಲಿ ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತವು ಈಥರನ್ನೇ ಅನಗತ್ಯವಾಗಿಸಿತು. ಮೈಕೆಲ್ಸನ್ನರ ಮನಸ್ಸು ಮಾತ್ರ ಈಥರನ್ನು ಪೂರ್ತಿ ಬಿಟ್ಟುಕೊಡಲಿಲ್ಲ.

ಉದ್ದೇಶ ಕೈಗೂಡದಿದ್ದರೂ ಉಪಕರಣ ಉಳಿಯಿತು. ಕ್ಯಾಡ್ಮಿಯಮ್ಮಿನ ಕೆಂಬೆಳಕಿನ ಸುಮಾರು 15,53,163 ತರಂಗಾಂತರಗಳು ಒಂದು ಮೀಟರಿಗೆ ಸಮವೆಂದು ಪ್ಯಾರಿಸ್ಸಿನ ಬಳಿ ತೋರಿಸಿಕೊಟ್ಟರು. 1907ರಲ್ಲಿ ನೊಬೆಲ್ ಬಂದಿತು; ವಿಜ್ಞಾನಕ್ಕೆ ಆ ಪುರಸ್ಕಾರ ಪಡೆದ ಮೊದಲ ಅಮೆರಿಕನ್ನರು ಅವರು. 1920ರಲ್ಲಿ ಆರ್ದ್ರಾ ನಕ್ಷತ್ರದ ವ್ಯಾಸವನ್ನೂ, 1925ರಲ್ಲಿ ಹೆನ್ರಿ ಗೇಲರೊಡನೆ ಭೂಮಿಯ ಆವರ್ತನೆಯನ್ನೂ ಬೆಳಕಿನ ಪಟ್ಟಿಗಳಿಂದಲೇ ಅಳೆದರು. ಮೈಲುದ್ದದ ನಿರ್ವಾತ ಕೊಳವೆಯಲ್ಲಿ ಬೆಳಕಿನ ವೇಗವನ್ನು ಮತ್ತೊಮ್ಮೆ ಅಳೆಯುವ ಕಾರ್ಯ ನಡೆದಿರುವಾಗಲೇ, 1931ರ ಮೇ 9ರಂದು ಪಾಸಡೀನಾದಲ್ಲಿ ನಿಧನರಾದರು.

ಇಂದು ಲೇಸರಿನಿಂದ ತಣಿಸಿದ ಪರಮಾಣುಗಳ ಅಲೆಗಳನ್ನೇ ಇಬ್ಭಾಗಿಸಿ ಕೂಡಿಸುವ ವ್ಯತಿಕರಣಮಾಪಕಗಳಿವೆ. ಅವು ಗುರುತ್ವವನ್ನೂ ಆವರ್ತನೆಯನ್ನೂ ಅತಿ ನಿಖರವಾಗಿ ಅಳೆಯುತ್ತವೆ. ಉಪಗ್ರಹ ಸಂಕೇತ ತಲುಪದ ಕಡಲಾಳದಲ್ಲಿಯೂ ನೌಕೆಗೆ ದಾರಿ ತೋರಲು ಅವುಗಳನ್ನು ಸಜ್ಜುಗೊಳಿಸುವ ಯತ್ನ ಸಾಗಿದೆ. ನೌಕಾ ಅಕಾಡೆಮಿಯಲ್ಲಿ ಕಲಿತ ಹುಡುಗನ ಉಪಾಯ ಹೀಗೆ ಮರಳಿ ಕಡಲಿಗೇ ಇಳಿಯುತ್ತಿದೆ.