ಮೈಸೂರು ಸೀಮೆಯ ‘ದೊಡ್ಡ ಸ್ವಾಮಿ’ ಅಬ್ಬೆ ದುಬ್ವಾ

ರೋಮ್ ಸಾಮ್ರಾಜ್ಯ ಕುಸಿದ ಮೇಲೆ ಯುರೋಪಿನಲ್ಲಿ ಧರ್ಮಸಭೆ ಬೇರೂರಿದ್ದು ಕೇವಲ ಬೋಧನೆಯಿಂದಲ್ಲ. ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟರು ಪ್ರಾರ್ಥನೆಯ ಜೊತೆಗೆ ಕೈಕೆಲಸವನ್ನೂ ಮಠದ ನಿಯಮವಾಗಿಸಿದರು. ಅವರ ಸನ್ಯಾಸಿಗಳು ನೆಲ ಉತ್ತರು, ರೋಗಿಗಳನ್ನು ಆರೈಕೆ ಮಾಡಿದರು. ಅದೇ ದಾರಿಯನ್ನು ನಮ್ಮ ನಾಡಿನಲ್ಲಿ ಹಿಡಿದ ಒಬ್ಬ ಧರ್ಮಗುರುವಿನ ಬದುಕನ್ನು ಇಲ್ಲಿ ನೆನೆಯೋಣ.

ಜೀನ್ ಆಂಟೊನಿ ದುಬ್ವಾ ಫ್ರಾನ್ಸ್ ದೇಶದವರು. 1792ರಲ್ಲಿ ಗುರುದೀಕ್ಷೆ ಪಡೆದು, ಕ್ರಾಂತಿಯ ಬಿರುಗಾಳಿಯ ನಡುವೆ ಪ್ಯಾರಿಸ್ ವಿದೇಶಿ ಮಿಶನ್ ಸಂಸ್ಥೆಯ ಮೂಲಕ ಭಾರತಕ್ಕೆ ಬಂದರು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಬಳಿಕ ಮೈಸೂರು ಸೀಮೆಯ ಕ್ರೈಸ್ತರ ಆರೈಕೆ ಅವರ ಹೆಗಲಿಗೆ ಬಿತ್ತು. 1784ರಲ್ಲಿ ಸೆರೆಯಾಗಿ ಘಟ್ಟ ಹತ್ತಿದ ನಮ್ಮ ಕರಾವಳಿಯ ಪೂರ್ವಜರ ಕಥೆಯನ್ನು ಬಲ್ಲ ಓದುಗರಿಗೆ, ಚದುರಿದ ಆ ಮಂದೆಯನ್ನು ಒಟ್ಟುಗೂಡಿಸುವುದು ಎಷ್ಟು ಕಷ್ಟವಾಗಿತ್ತೆಂದು ಹೇಳಬೇಕಾಗಿಲ್ಲ.

ದುಬ್ವಾ ಇಲ್ಲಿಯ ಉಡುಪು ತೊಟ್ಟರು, ಇಲ್ಲಿಯ ಊಟ ಉಂಡರು. ಜನ ಅವರನ್ನು ‘ದೊಡ್ಡ ಸ್ವಾಮಿ’ ಎಂದು ಕರೆದರು. ಹಾಸನದ ಬಳಿಯ ಸತ್ತಿಹಳ್ಳಿಯಲ್ಲಿ ಬಡ ಕ್ರೈಸ್ತರಿಗಾಗಿ ಬೇಸಾಯದ ನೆಲೆಯೊಂದನ್ನು ಕಟ್ಟಿದರು. ಸಿಡುಬು ಊರೂರುಗಳನ್ನೇ ಬರಿದು ಮಾಡುತ್ತಿದ್ದ ಆ ದಿನಗಳಲ್ಲಿ, 1803-04ರ ಕೆಲವೇ ತಿಂಗಳಲ್ಲಿ 25,432 ಮಂದಿಗೆ ಲಸಿಕೆ ಹಾಕಿಸಿದರು. ಲಸಿಕೆ ಭಾರತಕ್ಕೆ ಬಂದು ಆಗಿನ್ನೂ ಎರಡು ವರ್ಷವೂ ಆಗಿರಲಿಲ್ಲ.

ಹಿಂದೂ ಸಮಾಜದ ಆಚಾರ ವಿಚಾರಗಳ ಕುರಿತ ಅವರ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ ಕೊಂಡುಕೊಂಡು, 1816ರಲ್ಲಿ ಇಂಗ್ಲಿಷ್‌ನಲ್ಲಿ ಪ್ರಕಟಿಸಿತು. ಅದರ ಬಹುಭಾಗ ಯೇಸುಸಭೆಯ ಫಾದರ್ ಕೂರ್ದೂ ಅವರ ಹಳೆಯ ಬರಹವನ್ನು ಆಧರಿಸಿದೆಯೆಂದು ಸಂಶೋಧಕರು 1987ರಲ್ಲಿ ತೋರಿಸಿದ್ದಾರೆ. ಇದನ್ನೂ ನಾವು ಮರೆಮಾಚಬಾರದು.

ಮೂವತ್ತು ವರ್ಷ ದುಡಿದ ಈ ಗುರುಗಳು 1823ರಲ್ಲಿ ಸ್ವದೇಶಕ್ಕೆ ಮರಳಿದರು. ಅದೇ ವರ್ಷ ಪ್ರಕಟವಾದ ತಮ್ಮ ಪತ್ರಗಳಲ್ಲಿ, ಈ ನಾಡಿನಲ್ಲಿ ಕ್ರೈಸ್ತ ಧರ್ಮ ಹರಡುವ ಆಸೆಯೇ ಇಲ್ಲವೆಂದು, ತಮ್ಮ ದುಡಿಮೆ ವಿಫಲವಾಯಿತೆಂದು ಬರೆದರು. ಮಿಶನರಿ ವಲಯದಲ್ಲಿ ಅದು ದೊಡ್ಡ ವಾದವನ್ನೇ ಎಬ್ಬಿಸಿತು. ಮುಂದೆ ಪ್ಯಾರಿಸ್ಸಿನಲ್ಲಿ ತಮ್ಮ ಸಂಸ್ಥೆಯ ಮುಖ್ಯಸ್ಥರಾಗಿಯೂ ಸೇವೆ ಸಲ್ಲಿಸಿ, 1848ರ ಫೆಬ್ರವರಿ 17ರಂದು ದೈವಾಧೀನರಾದರು.

ಅವರು ನಿಜಕ್ಕೂ ಸೋತರೇ? ತಲೆ ಎಣಿಸಿದರೆ ಹಾಗೆ ಅನ್ನಿಸಬಹುದು. ಆದರೆ ಸತ್ತಿಹಳ್ಳಿಯ ವಿಶ್ವಾಸ ಆರಲಿಲ್ಲ. ಹಾಸನದ ಕ್ರೈಸ್ತರೂ ಕಡೂರು, ತರೀಕೆರೆ, ಅಜ್ಜಂಪುರದ ಬಯಲಿನ ಕ್ರೈಸ್ತರೂ 1963ರಲ್ಲಿ ಸ್ಥಾಪನೆಯಾದ ಚಿಕ್ಕಮಗಳೂರು ಧರ್ಮಪ್ರಾಂತ್ಯದ ಒಂದೇ ಕುಟುಂಬವಾದರು. ಸಿಡುಬು 1980ರ ಹೊತ್ತಿಗೆ ಲೋಕದಿಂದಲೇ ಅಳಿಯಿತು. ಲಸಿಕೆ ಪಡೆದ ಆ ಸಾವಿರಾರು ಜನರ ಜಾತಿ, ಮತವನ್ನು ಇಂದು ಯಾರೂ ಕೇಳುವುದಿಲ್ಲ. ಬಿತ್ತಿದವನೇ ಪೈರು ನೋಡಬೇಕೆಂಬ ನಿಯಮವಿಲ್ಲ. ನಮ್ಮ ಧರ್ಮಕೇಂದ್ರಗಳ ಸೇವೆಯನ್ನು ಅಳೆಯುವಾಗ ನಾವು ಇದನ್ನು ನೆನಪಿನಲ್ಲಿಡೋಣ.