ದೇಶದ ಸಾಲ ಹೊತ್ತ ಗುಮಾಸ್ತ ಅಲೆಕ್ಸಾಂಡರ್ ಹ್ಯಾಮಿಲ್ಟನ್

ಅಮೇರಿಕದ ಹತ್ತು ಡಾಲರ್ ನೋಟಿನ ಮೇಲಿರುವ ಚಿತ್ರ ಯಾವ ಅಧ್ಯಕ್ಷರದೂ ಅಲ್ಲ. ಅದು ಅಲೆಕ್ಸಾಂಡರ್ ಹ್ಯಾಮಿಲ್ಟನ್ನರದು. ಅಂಗಡಿಯಲ್ಲಿ ಕಿರ್ದಿ ಬರೆಯುತ್ತಿದ್ದ ಅನಾಥ ಹುಡುಗ ಆ ದೇಶದ ಮೊದಲ ಹಣಕಾಸು ಮಂತ್ರಿಯಾದ ವೃತ್ತಾಂತವು ನಮ್ಮ ರೈತ ಹಾಗೂ ವ್ಯಾಪಾರಸ್ಥ ಬಾಂಧವರು ತಿಳಿಯತಕ್ಕದ್ದಾಗಿದೆ.

ವೆಸ್ಟ್ ಇಂಡೀಸಿನ ನೆವಿಸ್ ದ್ವೀಪ ಅವರ ಜನ್ಮಸ್ಥಳ. ಹುಟ್ಟಿದ ವರ್ಷ 1755 ಎಂದು ಕೆಲವರು, 1757 ಎಂದು ಕೆಲವರು ಹೇಳುತ್ತಾರೆ. ತಂದೆ ಮನೆ ಬಿಟ್ಟು ಹೋದರು; 1768ರಲ್ಲಿ ತಾಯಿ ಜ್ವರದಿಂದ ತೀರಿಕೊಂಡರು. ಹುಡುಗ ಸೇಂಟ್ ಕ್ರಾಯ್ ದ್ವೀಪದ ಆಮದು-ರಫ್ತಿನ ಅಂಗಡಿಯಲ್ಲಿ ಗುಮಾಸ್ತನಾದ. ಆ ದ್ವೀಪದ ಸಕ್ಕರೆ ಗುಲಾಮರ ಬೆವರಿನಿಂದ ಬಂದದ್ದು, ಆ ಅಂಗಡಿಯೂ ಗುಲಾಮರ ಮಾರಾಟದಲ್ಲಿ ಕೈಹಾಕಿತ್ತು ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಮಾಲೀಕರು ಕಾಯಿಲೆ ಬಿದ್ದು ಊರು ಬಿಟ್ಟಾಗ ಹದಿಹರೆಯದ ಈ ಹುಡುಗನೇ ಕೆಲವು ತಿಂಗಳು ವ್ಯವಹಾರ ನಡೆಸಿದ. 1772ರಲ್ಲಿ ಭಾರೀ ಚಂಡಮಾರುತ ಬಂತು. ಅದರ ವರ್ಣನೆಯನ್ನು ಆತ ಬರೆದದ್ದು ಪತ್ರಿಕೆಯಲ್ಲಿ ಅಚ್ಚಾಯಿತು. ಓದಿದ ಊರ ಹಿರಿಯರು ವಂತಿಗೆ ಕೂಡಿಸಿ ಅವನನ್ನು ವಿದ್ಯಾಭ್ಯಾಸಕ್ಕೆ ಅಮೇರಿಕಕ್ಕೆ ಕಳಿಸಿಕೊಟ್ಟರು.

ಅಷ್ಟರಲ್ಲಿ ಇಂಗ್ಲೆಂಡಿನ ವಿರುದ್ಧ ಯುದ್ಧ ಪ್ರಾರಂಭವಾಯಿತು. 1776ರಲ್ಲಿ ಫಿರಂಗಿ ದಳದ ಕ್ಯಾಪ್ಟನ್, ಮರುವರ್ಷ ಸೇನಾಪತಿ ವಾಷಿಂಗ್ಟನ್ನರ ಆಪ್ತ ಸಹಾಯಕ, 1781ರಲ್ಲಿ ಯಾರ್ಕ್‌ಟೌನ್ ಕಾಳಗದ ಮುಂಚೂಣಿ. 1780ರಲ್ಲಿ ಎಲಿಜಬೆತ್ ಸ್ಕೈಲರ್ ಎಂಬ ಸಿರಿವಂತ ಮನೆತನದ ಕನ್ಯೆಯೊಂದಿಗೆ ವಿವಾಹವೂ ಆಯಿತು.

ಸ್ವಾತಂತ್ರ್ಯ ಬಂತು, ಬೊಕ್ಕಸ ಬರಿದಾಗಿತ್ತು. 1789ರಲ್ಲಿ ವಾಷಿಂಗ್ಟನ್ನರು ಅಧ್ಯಕ್ಷರಾಗಿ ಹ್ಯಾಮಿಲ್ಟನ್ನರನ್ನು ಹಣಕಾಸಿಗೆ ನೇಮಿಸಿದಾಗ ಕೇಂದ್ರದ ಸಾಲ ಸುಮಾರು 5.4 ಕೋಟಿ ಡಾಲರ್, ರಾಜ್ಯಗಳದು ಇನ್ನೂ 2.5 ಕೋಟಿ. ಇದರಲ್ಲಿ ಸೈನಿಕರಿಗೆ ಸಂಬಳದ ಬದಲು, ರೈತರಿಗೆ ದವಸದ ಬೆಲೆಯ ಬದಲು ಕೊಟ್ಟ ಕಾಗದಗಳೂ ಇದ್ದವು. ಬಡ್ಡಿ ಬರಲಿಲ್ಲ, ಅಸಲು ಬರುವ ನಂಬಿಕೆ ಇರಲಿಲ್ಲ. ಮನೆಯಲ್ಲಿ ಅಡಚಣೆ ಬಂದಾಗ ಮಾಜಿ ಸೈನಿಕನು ನೂರು ಡಾಲರಿನ ಕಾಗದವನ್ನು ಇಪ್ಪತ್ತಕ್ಕೋ ಇಪ್ಪತ್ತೈದಕ್ಕೋ ಸಾಹುಕಾರನಿಗೆ ಮಾರಿಬಿಟ್ಟಿದ್ದ.

1790ರ ಜನವರಿಯಲ್ಲಿ ಹ್ಯಾಮಿಲ್ಟನ್ನರು ವರದಿ ಮಂಡಿಸಿದರು. ಬಡ್ಡಿಯ ದರದಲ್ಲಿ ಸ್ವಲ್ಪ ಇಳಿಕೆ ಮಾಡಿ, ಅಸಲನ್ನು ಪೂರ್ತಿ ಒಪ್ಪಿಕೊಂಡು ಹೊಸ ಬಾಂಡು ಕೊಡುವುದು. ಕಾಗದ ಈಗ ಯಾರ ಕೈಯಲ್ಲಿದೆಯೋ ಅವರಿಗೇ ಕೊಡುವುದು. ಇಲ್ಲಿ ಗದ್ದಲವೆದ್ದಿತು. ಸುದ್ದಿ ತಲುಪದ ದಕ್ಷಿಣದ ರಾಜ್ಯಗಳಿಗೆ ಹಡಗು ಕಳಿಸಿ ದಲ್ಲಾಳಿಗಳು ಅಗ್ಗದಲ್ಲಿ ಕಾಗದ ಖರೀದಿಸುತ್ತಿದ್ದಾರೆಂದು ಸಭೆಯಲ್ಲೇ ಆಪಾದನೆ ಬಂತು. ಈಗಿನವರಿಗೆ ಮಾರುಕಟ್ಟೆಯ ಉಚ್ಚ ದರ ಕೊಟ್ಟು, ಉಳಿದದ್ದನ್ನು ಮೊದಲ ಹಕ್ಕುದಾರನಾದ ಸೈನಿಕನಿಗೆ ಕೊಡಿರೆಂದು ಮ್ಯಾಡಿಸನ್ನರು ಸೂಚಿಸಿದರು. ಯಾರ ಮನಸ್ಸಿಗಾದರೂ ಇದೇ ನ್ಯಾಯವೆಂದು ತೋರುತ್ತದೆ. ಹ್ಯಾಮಿಲ್ಟನ್ನರ ವಾದ ಬೇರೆಯಾಗಿತ್ತು. ಬರೆದುಕೊಟ್ಟ ಕಾಗದವನ್ನು ಕೊಂಡವನ ಮುಖ ನೋಡಿ ಸರ್ಕಾರ ಬೆಲೆ ಕಟ್ಟತೊಡಗಿದರೆ, ನಾಳೆ ಅದರ ಕಾಗದವನ್ನು ಯಾರೂ ಮುಟ್ಟರು. ಮುಂದಿನ ಯುದ್ಧಕ್ಕೆ ಸಾಲ ಹುಟ್ಟದು. ಪತ್ತು ಒಮ್ಮೆ ಹೋಯಿತೆಂದರೆ ಏನಾಗುತ್ತದೆಂಬುದು ಪೇಟೆಯಲ್ಲಿ ಕೂತವರಿಗೆ ಗೊತ್ತು. ಮ್ಯಾಡಿಸನ್ನರ ಸೂಚನೆ 13ಕ್ಕೆ 36 ಮತಗಳಿಂದ ಬಿದ್ದುಹೋಯಿತು. ಪತ್ತೇನೋ ಉಳಿಯಿತು, ಆದರೆ ಕಾಗದ ಮಾರಿದ್ದ ಸೈನಿಕನ ಕೈಗೆ ಏನೂ ಬರಲಿಲ್ಲ. ಈ ಎರಡನ್ನೂ ಕೂಡಿಯೇ ಬರೆಯಬೇಕು.

ರಾಜ್ಯಗಳ ಸಾಲವನ್ನೂ ಕೇಂದ್ರವೇ ಹೊರಲು ದಕ್ಷಿಣದವರು ಒಪ್ಪುತ್ತಿರಲಿಲ್ಲ. ಜೆಫರ್ಸನ್ನರ ಮನೆಯ ಒಂದು ಊಟದ ಪಂಕ್ತಿಯಲ್ಲಿ ಅದು ಇತ್ಯರ್ಥವಾಯಿತು: ರಾಜಧಾನಿ ದಕ್ಷಿಣಕ್ಕೆ, ಪೊಟೋಮ್ಯಾಕ್ ನದಿಯ ದಡಕ್ಕೆ, ಸಾಲ ಕೇಂದ್ರಕ್ಕೆ. ಇಂದಿನ ವಾಷಿಂಗ್ಟನ್ ನಗರ ಅಲ್ಲಿರುವುದು ಈ ಕಾರಣದಿಂದ. 1791ರಲ್ಲಿ ಒಂದು ಕೋಟಿ ಡಾಲರ್ ಬಂಡವಾಳದ ರಾಷ್ಟ್ರೀಯ ಬ್ಯಾಂಕೂ ಸ್ಥಾಪನೆಯಾಯಿತು.

ಬಡ್ಡಿ ಕಟ್ಟಲು ಹಣ ಬೇಕಲ್ಲ? ಅದೇ ವರ್ಷ ವಿಸ್ಕಿಯ ಮೇಲೆ ಸುಂಕ ಬಿತ್ತು. ಸೆರೆಯ ಮಾತು ನಮ್ಮ ಓದುಗರಿಗೆ ರುಚಿಸದು. ಆದರೂ ಇದು ರೈತನ ಪ್ರಶ್ನೆ. ಪಶ್ಚಿಮ ಪೆನ್ಸಿಲ್ವೇನಿಯಾದವರಿಗೆ ಪೇಟೆಯೆಂದರೆ ಬೆಟ್ಟಗಳ ಆಚೆ. ಕುದುರೆಯ ಬೆನ್ನ ಮೇಲೆ ಧಾನ್ಯ ಹೇರಿ ಸಾಗಿಸಿದರೆ ಬಂದ ಬೆಲೆ ಬಾಡಿಗೆಗೂ ಸಾಲದು. ಅದನ್ನೇ ವಿಸ್ಕಿ ಮಾಡಿದರೆ ಭಾರ ಕಡಿಮೆ, ಬೆಲೆ ಹೆಚ್ಚು. ನಗದೇ ಕಾಣದ ಆ ಸೀಮೆಯಲ್ಲಿ ಸುಂಕ ನಗದಿನಲ್ಲೇ ಕಟ್ಟಬೇಕಿತ್ತು. ದೊಡ್ಡ ಭಟ್ಟಿಯವನಿಗೆ ಗ್ಯಾಲನ್ನಿಗೆ ಕಡಿಮೆ ಬೀಳುತ್ತಿತ್ತು, ಸಣ್ಣವನಿಗೆ ಹೆಚ್ಚು. ಲೆಕ್ಕದಲ್ಲಿ ಅಷ್ಟು ನಿಪುಣರಾದ ಹ್ಯಾಮಿಲ್ಟನ್ನರಿಗೆ ಹೊಲದಲ್ಲಿರುವವನ ಲೆಕ್ಕ ಕಾಣಲಿಲ್ಲವೆಂದೇ ಹೇಳಬೇಕು. 1794ರಲ್ಲಿ ರೈತರು ಸುಂಕದ ಅಧಿಕಾರಿಯ ಮನೆ ಸುಟ್ಟರು. ಸುಮಾರು 13,000 ಸೈನಿಕರು ಹೊರಟರು, ಜೊತೆಗೆ ಹ್ಯಾಮಿಲ್ಟನ್ನರೂ ಹೋದರು. ಕಾಳಗವಾಗಲಿಲ್ಲ, ಜನ ಚದುರಿದರು. ಮರಣದಂಡನೆಯಾದ ಇಬ್ಬರನ್ನು ವಾಷಿಂಗ್ಟನ್ನರು ಕ್ಷಮಿಸಿದರು. ಜೆಫರ್ಸನ್ನರು ಅಧ್ಯಕ್ಷರಾದ ಮೇಲೆ, 1802ರಲ್ಲಿ, ಆ ಸುಂಕ ರದ್ದಾಯಿತು.

1795ರಲ್ಲಿ ಹ್ಯಾಮಿಲ್ಟನ್ನರು ರಾಜೀನಾಮೆ ಕೊಟ್ಟು ವಕೀಲಿ ವೃತ್ತಿಗೆ ಮರಳಿದರು. ಸರ್ಕಾರದ ಹಣದಲ್ಲಿ ಕೈಯಾಡಿಸಿದರೆಂಬ ಆಪಾದನೆ ಬಂದಾಗ, 1797ರಲ್ಲಿ ಪುಸ್ತಿಕೆ ಅಚ್ಚು ಹಾಕಿಸಿ, ತಾನು ಪರಸ್ತ್ರೀಯ ವಿಷಯದಲ್ಲಿ ತಪ್ಪಿದವನು, ಬೊಕ್ಕಸದ ವಿಷಯದಲ್ಲಲ್ಲ ಎಂದು ಲೋಕಕ್ಕೆಲ್ಲ ಸಾರಿದರು. ಮನೆಯಾಕೆಗೆ ಆದ ನೋವು ಊಹಿಸಿಕೊಳ್ಳಬೇಕು. 1801ರಲ್ಲಿ ಹಿರಿಯ ಮಗ ಪಿಸ್ತೂಲಿನ ದ್ವಂದ್ವಯುದ್ಧದಲ್ಲಿ ಸತ್ತ. 1804ರ ಜುಲೈ 11ರಂದು ಉಪಾಧ್ಯಕ್ಷ ಆರನ್ ಬರ್ ಜೊತೆ ತಂದೆಯೂ ಅಂಥದೇ ದ್ವಂದ್ವಕ್ಕೆ ನಿಂತು ಗುಂಡೇಟು ತಿಂದು ಮರುದಿನ ಅಸುನೀಗಿದರು.

ಕೋಟಿಗಟ್ಟಲೆ ಸಾಲದ ವ್ಯವಸ್ಥೆ ಮಾಡಿದವರ ಸ್ವಂತ ಮನೆಯಲ್ಲಿ ಸಾಲ ಉಳಿದಿತ್ತು. ಸ್ನೇಹಿತರು ಹಣ ಕೂಡಿಸಿ ಸಂಸಾರವನ್ನು ಕಾಪಾಡಿದರು. ಎಲಿಜಬೆತ್ತರು 1806ರಲ್ಲಿ ನ್ಯೂಯಾರ್ಕಿನಲ್ಲಿ ಇತರ ಮಹಿಳೆಯರೊಡನೆ ಅನಾಥಾಲಯ ಆರಂಭಿಸಿದರು. 97 ವರ್ಷ ಬಾಳಿ 1854ರಲ್ಲಿ ತೀರಿಕೊಂಡರು. ಯುದ್ಧ ಮುಗಿದಾಗ ಅಧಿಕಾರಿಗಳಿಗೆ ಸಲ್ಲಬೇಕಾಗಿದ್ದ ಹಣವನ್ನು ಹ್ಯಾಮಿಲ್ಟನ್ನರು ತಮ್ಮ ಮಟ್ಟಿಗೆ ಬೇಡವೆಂದು ಬಿಟ್ಟುಕೊಟ್ಟಿದ್ದರು. ಪತಿಯ ಆ ಬಾಕಿಗಾಗಿ ಈಕೆ ಕಾಂಗ್ರೆಸ್ಸಿಗೆ ಅರ್ಜಿ ಹಾಕಿಕೊಂಡರು. 1816ರಲ್ಲಿ ಐದು ವರ್ಷದ ಪೂರ್ಣ ಸಂಬಳ ಮಂಜೂರಾಯಿತು.