ಲೆಕ್ಕ ಹಂಚಿದ ಮೇಷ್ಟ್ರು: ಲೂಯಿಸ್ ಫ್ರೈ ರಿಚರ್ಡ್‌ಸನ್

ಹತ್ತನೇ ತರಗತಿಯ ರೇಖಾತ್ಮಕ ಸಮೀಕರಣಗಳ ಘಟಕಕ್ಕೆ ಪಾಠಯೋಜನೆ ಬರೆಯುವ ಪ್ರಶಿಕ್ಷಣಾರ್ಥಿಗಳಿಗೆ ನಾನು ರಿಚರ್ಡ್‌ಸನ್ನರ ಜೀವನವನ್ನು ಹೇಳುತ್ತೇನೆ. ಚರಾಕ್ಷರಗಳು ಎರಡರಿಂದ ಸಾವಿರಾರಕ್ಕೆ ಏರಿದರೆ ಲೆಕ್ಕವನ್ನು ಹಲವರಿಗೆ ಹಂಚುವುದು ಹೇಗೆಂದು ಗಣಕಯಂತ್ರ ಬರುವ ಮೊದಲೇ ಯೋಚಿಸಿದವರು ಅವರು. ಮೇಲಾಗಿ, ನಮ್ಮಂತೆಯೇ ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಪಾಠ ಮಾಡಿದವರು.

ಅವರು 1881ರಲ್ಲಿ ಇಂಗ್ಲೆಂಡಿನ ನ್ಯೂಕಾಸಲ್‌ನ ಕ್ವೇಕರ್ ಕುಟುಂಬದಲ್ಲಿ ಹುಟ್ಟಿ, ಕೇಂಬ್ರಿಡ್ಜ್‌ನಲ್ಲಿ ಓದಿದರು. ಕಲ್ಲಿನ ಅಣೆಕಟ್ಟೆಯೊಳಗಿನ ಒತ್ತಡದ ಬಗ್ಗೆ 1910ರಲ್ಲಿ ಪ್ರಬಂಧ ಪ್ರಕಟಿಸಿದರು. ಕಟ್ಟೆಯ ಅಡ್ಡಕೊಯ್ತದ ಮೇಲೆ ಚೌಕಗಳ ಜಾಲ ಎಳೆದರೆ ಬಿಂದುವಿಗೊಂದು ಸಮೀಕರಣ. ಒಂದೊಂದರಲ್ಲೂ ಹತ್ತಿರದ ಕೆಲವೇ ಬಿಂದುಗಳು. ಮೊದಲು ಅಂದಾಜು, ಆಮೇಲೆ ಎಷ್ಟು ತಪ್ಪಿದೆಯೆಂದು ನೋಡಿ ಮತ್ತೆ ಮತ್ತೆ ತಿದ್ದುವುದು. ಈ ವಿಧಾನಕ್ಕೆ ಇಂದಿಗೂ ಅವರದೇ ಹೆಸರು. ಲೆಕ್ಕ ಮಾಡುವ ಹುಡುಗರಿಗೆ ಬಿಂದುವಿನ ಲೆಕ್ಕದಲ್ಲಿ ಕೂಲಿ, ತಪ್ಪಿದ್ದಕ್ಕೆ ಕೂಲಿಯಿಲ್ಲ.

ಇದನ್ನು ಕಪ್ಪುಹಲಗೆಯಲ್ಲಿ ಹೀಗೆ ತೋರಿಸಬಹುದು. ಸಾಲಿಗೆ ನಾಲ್ಕರಂತೆ 16 ಬಿಂದುಗಳು. ಪ್ರತಿಯೊಂದಕ್ಕೂ ಎಡ, ಬಲ, ಮೇಲೆ, ಕೆಳಗಿನ ನೆರೆಯವರೊಡನೆ ಮಾತ್ರ ಸಂಬಂಧ. ಮಾತೃಕೆಯಲ್ಲಿ 256 ಸ್ಥಾನಗಳಿದ್ದರೂ ಸೊನ್ನೆಯಲ್ಲದವು 64 ಮಾತ್ರ. ಉಳಿದ 192 ಸೊನ್ನೆಗಳನ್ನು ಬರೆಯುವುದೇ ಬೇಡ. ಜಾಲವನ್ನು ಕಾಲುಕಾಲಾಗಿ ನಾಲ್ಕು ಗುಂಪುಗಳಿಗೆ ಹಂಚಿದರೆ ಗುಂಪಿಗೆ ನಾಲ್ಕು ಸಾಲು, 16 ಸಂಖ್ಯೆ. ಅವುಗಳಲ್ಲಿ ನಾಲ್ಕು ಪಕ್ಕದ ಗುಂಪಿನ ಬಿಂದುಗಳಿಗೆ ಸೇರಿದವು. ತೊಡಕೆಲ್ಲ ಈ ಗಡಿಯಲ್ಲೇ. ಗಡಿಯ ಸಾಲಿಗೆ ಇಬ್ಬರ ಪಾಲೂ ಸೇರಬೇಕಾದಲ್ಲಿ ಸಾಲಿನ ಒಡೆಯರು ಒಬ್ಬರೇ. ಇನ್ನೊಬ್ಬರು ತಮ್ಮ ಪಾಲನ್ನು ಅವರಿಗೆ ಕಳಿಸಿ ಕೂಡಿಸಬೇಕು. ಪಾಲು ಬಿಟ್ಟುಹೋದರೂ, ಎರಡು ಸಲ ಸೇರಿದರೂ ಉತ್ತರ ಕೆಡುತ್ತದೆ. ಇಂದು ಸಾವಿರಾರು ಸಂಸ್ಕಾರಕಗಳು ಇಂಥ ವಿರಳ ಮಾತೃಕೆಯನ್ನು ಜೋಡಿಸುವುದೂ ಹೀಗೆಯೇ.

ಮೊದಲ ಮಹಾಯುದ್ಧದಲ್ಲಿ ರಿಚರ್ಡ್‌ಸನ್ ಆಯುಧ ಹಿಡಿಯದೆ ಫ್ರಾನ್ಸಿನಲ್ಲಿ ಆಂಬ್ಯುಲೆನ್ಸ್ ಓಡಿಸಿದರು. ಆ ದಿನಗಳಲ್ಲೇ, 1910ರ ಮೇ 20ರ ದಾಖಲೆಗಳಿಂದ ಹವಾಮಾನವನ್ನು ಕೈಲೆಕ್ಕದಲ್ಲಿ ಕಂಡುಹಿಡಿಯಲು ಹೊರಟರು. ಆರು ಗಂಟೆಯಲ್ಲಿ ವಾಯುಒತ್ತಡ 145 ಮಿಲಿಬಾರ್ ಏರುತ್ತದೆಂದು ಉತ್ತರ ಬಂತು. ನಿಜದಲ್ಲಿ ಅದು ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಆ ತಪ್ಪು ಉತ್ತರವನ್ನು ಮುಚ್ಚಿಡದೆ 1922ರ ತಮ್ಮ ಪುಸ್ತಕದಲ್ಲಿ ಅಚ್ಚು ಹಾಕಿಸಿದರು.

ಅದೇ ಪುಸ್ತಕದಲ್ಲಿ ಒಂದು ಕಲ್ಪನೆಯೂ ಇದೆ. ಗೋಡೆಯ ತುಂಬ ಭೂಪಟ ಬಿಡಿಸಿದ ರಂಗಮಂದಿರ. ಲೋಕದ ಹವೆಯನ್ನು ಲೆಕ್ಕ ಹಾಕಲು 64,000 ಮಂದಿ. ಒಬ್ಬೊಬ್ಬರೂ ತಮ್ಮ ಭಾಗದ ಲೆಕ್ಕ ಮಾಡಿ, ನೆರೆಯವರು ಓದುವಂತೆ ಫಲಕದಲ್ಲಿ ತೋರಿಸುತ್ತಾರೆ. ನಡುವಿನ ಕಂಬದ ಮೇಲಿನ ಮುಖ್ಯಸ್ಥ, ಮುಂದೋಡಿದವರ ಮೇಲೆ ಗುಲಾಬಿ ಬೆಳಕನ್ನೂ ಹಿಂದುಳಿದವರ ಮೇಲೆ ನೀಲಿ ಬೆಳಕನ್ನೂ ಬೀರುತ್ತಾನೆ. ಗುಂಪು ಚಟುವಟಿಕೆ ನಡೆಸುವ ಶಿಕ್ಷಕರಿಗೆ ಈ ಮುಖ್ಯಸ್ಥನ ಪಾಡು ಗೊತ್ತು.

ಹವಾಮಾನ ಇಲಾಖೆ ವಾಯುಪಡೆಯ ಸಚಿವಾಲಯಕ್ಕೆ ಸೇರಿದಾಗ, 1920ರಲ್ಲಿ, ಅವರು ಕೆಲಸ ಬಿಟ್ಟರು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ತರಬೇತಿ ಕಾಲೇಜಿನಲ್ಲಿ 1929ರವರೆಗೆ ಭೌತವಿಜ್ಞಾನ ಕಲಿಸಿದರು. ಆಮೇಲೆ ಸ್ಕಾಟ್ಲೆಂಡಿನ ಪೈಸ್ಲಿಯಲ್ಲಿ ತಾಂತ್ರಿಕ ಕಾಲೇಜಿನ ಪ್ರಾಂಶುಪಾಲರಾದರು. ಯುದ್ಧಗಳ ಕಾರಣಗಳನ್ನು ಗಣಿತದಿಂದ ಹುಡುಕಿದರು. 1950ರಲ್ಲಿ ಅಮೆರಿಕದ ಎನಿಯಾಕ್ ಯಂತ್ರ ಹವಾಮಾನದ ಲೆಕ್ಕ ಮಾಡಿದ್ದನ್ನು ತಿಳಿದು, 1953ರಲ್ಲಿ ತೀರಿಕೊಂಡರು.

ಕೆಲಸ ಹಂಚುವಾಗ ಯಾರಿಗೆ ಎಷ್ಟು ಎಂದು ಹೇಳಿದರೆ ಸಾಲದು. ಯಾರು ಯಾರಿಗೆ, ಏನನ್ನು, ಯಾವಾಗ ಒಪ್ಪಿಸಬೇಕೆಂಬುದನ್ನೂ ಪಾಠಯೋಜನೆಯಲ್ಲಿ ಬರೆದಿಡಬೇಕು. ನಮ್ಮ ಪ್ರಶಿಕ್ಷಣಾರ್ಥಿಗಳು ಅವರಿಂದ ಕಲಿಯಬೇಕಾದದ್ದು ಇದನ್ನೇ ಎಂದು ನನ್ನ ಅನಿಸಿಕೆ.